ಭಟ್ಕಳದ ರೌಟರಿಗೆ ಒಗ್ಗದ ಪಾಸ್‌ವರ್ಡ್

ಕುಮಟಾದಿಂದ ಭಟ್ಕಳದವರೆಗೆ ಮನೆ, ಅಂಗಡಿಗಳಿಗೆ ಇಂಟರ್‌ನೆಟ್ ಕೊಡುವ ನಾಗಭೂಷಣರ ಪುಟ್ಟ ಕಂಪನಿಯಲ್ಲಿ ನೆಟ್‌ವರ್ಕ್ ನೋಡಿಕೊಳ್ಳುವವಳು ಅಮಿತಾ. ಕುಮಟಾ, ಹೊನ್ನಾವರ, ಭಟ್ಕಳದ ಮೂರು ರೌಟರುಗಳು ಯಾವ ಮನೆಗೆ ಯಾವ ದಾರಿ ಎಂದು ಒಂದಕ್ಕೊಂದು ತಿಳಿಸುತ್ತಿರುತ್ತವೆ. ಹೋದ ತಿಂಗಳು ಹೊನ್ನಾವರದ ಲಾಡ್ಜೊಂದರಲ್ಲಿ ಯಾರೋ ಸಿಕ್ಕಿಸಿದ ಹಳೇ ರೌಟರು ಸುಳ್ಳು ದಾರಿ ಹೇಳಿ ಅರ್ಧ ಊರಿನ ಇಂಟರ್‌ನೆಟ್ಟೇ ನಿಂತಿತ್ತು. ಹಾಗಾಗಿ ಅಮಿತಾ ಮೂರಕ್ಕೂ ಒಂದೇ ಪಾಸ್‌ವರ್ಡ್ ಹಾಕಹೊರಟಳು. ಅದು ಹೊಂದಿದರಷ್ಟೇ ಒಂದು ರೌಟರು ಇನ್ನೊಂದರ ಮಾತು ನಂಬಬೇಕು. ಭದ್ರತೆ ಇನ್ನಷ್ಟು ಇರಲೆಂದು, ಪಾಸ್‌ವರ್ಡ್ ಯಾವ ತಾರೀಕಿನಿಂದ ಜಾರಿ ಎಂಬುದನ್ನೂ ಸೇರಿಸಿದಳು.

ಕುಮಟಾ, ಹೊನ್ನಾವರದ್ದು ಕೂತಲ್ಲಿಂದಲೇ ಆಯಿತು. ಭಟ್ಕಳದ್ದಕ್ಕೆ ಮಾತ್ರ ಅಲ್ಲೇ ಕೂತು ಟೈಪು ಹೊಡೆಯಬೇಕು; ಅದಕ್ಕೆ ಅಲ್ಲಿಯ ಆಫೀಸಿನ ಲಿಂಗಪ್ಪನೇ ಬೇಕು. ಮೂವತ್ತು ವರ್ಷ ಕೇಬಲ್ ಟಿವಿಯ ಕಂಬ ಹತ್ತಿದವನು. ಅವಳು ಕಳಿಸಿದ ಸಾಲುಗಳನ್ನು ನೋಡಿ ನೋಡಿ ಹೊಡೆದ. ಭಟ್ಕಳ ಪೂರ್ತಿ ಕಡಿದುಹೋಯಿತು. ಪಾಸ್‌ವರ್ಡ್ ಹೊಂದುತ್ತಿಲ್ಲವೆಂದು ಹೊನ್ನಾವರದ ರೌಟರು ಅಮಿತಾಳ ಪರದೆಯಲ್ಲಿ ಬರೆಯತೊಡಗಿತು.

"ಲಿಂಗಪ್ಪಣ್ಣಾ, ಮತ್ತೊಂದ್ಸಲ ನೋಡಿ" ಎಂದು ಫೋನಿನಲ್ಲಿ ಹೇಳಿದಳು.

"ಮೂರ್ ಸಲ ಹೊಡ್ದೆ ತಂಗಿ. ನೀ ಕಳ್ಸಿದ್ದಾಂಗೇ ಇದೆ."

ಅಷ್ಟರಲ್ಲಿ ನಾಗಭೂಷಣರು ಬಂದು ಏನಾಯಿತೆಂದು ಕೇಳಿದರು. "ಲಿಂಗಪ್ಪಣ್ಣ ಎಲ್ಲೋ ಅಕ್ಷರ ತಪ್ಪಿದ್ದಾರೆ ಸರ್" ಎಂದುಬಿಟ್ಟಳು. ಅವರು ಅಲ್ಲೇ ಫೋನು ಹಚ್ಚಿ, "ನಿಂಗೆ ಕಂಬ ಹತ್ತೂದೇ ಸಾಕು ಮಾರಾಯ" ಎಂದು ಬೈದರು. ಅದನ್ನು ಕೇಳಿಸಿಕೊಂಡೇ ಅಮಿತಾ ಬಸ್ಸು ಹಿಡಿದಳು.

ಭಟ್ಕಳದ ಆಫೀಸಿನಲ್ಲಿ ಲಿಂಗಪ್ಪ ಕುರ್ಚಿ ಬಿಟ್ಟುಕೊಟ್ಟು ಹಿಂದೆ ನಿಂತ. ಗಿರಾಕಿಗಳ ಫೋನು ಅವನ ಕಿಸೆಯಲ್ಲಿ ಒಂದೇ ಸಮ ಬಡಿದುಕೊಳ್ಳುತ್ತಿತ್ತು. ಅಮಿತಾ ತಾನೇ ಪಾಸ್‌ವರ್ಡ್ ಹೊಡೆದಳು. ಹೊಂದಲಿಲ್ಲ. ಆಗ ರೌಟರಿನ ಸಂದೇಶಗಳನ್ನು ಮೇಲಿನಿಂದ ಓದಿದಳು. ಪ್ರತಿ ಸಾಲಿನ ಮುಂದೂ ಮಾರ್ಚ್ ಒಂದು, 1993.

"ಬೆಳಿಗ್ಗೆ ಕರೆಂಟ್ ಹೋಗಿತ್ತಾ?"

"ಎರಡ್ ಸಲ. ಬ್ಯಾಟರಿನೂ ಸತ್ತಿದೆ. ಎಂತಕ್ಕೆ?"

ಕರೆಂಟು ಬಂದು ರೌಟರು ಎದ್ದಾಗ ಅದರ ಗಡಿಯಾರ ತಯಾರಿಸಿದವರು ಇಟ್ಟ ಮೊದಲ ತಾರೀಕಿಗೆ ಹಿಂದಕ್ಕೆ ಹೋಗಿತ್ತು. ಅದರ ಲೆಕ್ಕದಲ್ಲಿ ಪಾಸ್‌ವರ್ಡ್ ಜಾರಿಯಾಗಲು ಇನ್ನೂ ಮೂವತ್ತು ಚಿಲ್ಲರೆ ವರ್ಷ ಬಾಕಿ. ಅಮಿತಾ ವಿವರಿಸಿದಾಗ ಲಿಂಗಪ್ಪ ಸಣ್ಣಗೆ ನಕ್ಕ. "ಆಗ ನಾನು ಡಿಶ್ ಕಟ್ತಿದ್ದೆ."

ಅವಳಿಗೆ ನಗು ಬರಲಿಲ್ಲ. ಗಡಿಯಾರ ಸರಿಪಡಿಸಿದ ನಿಮಿಷದೊಳಗೆ ಹೊನ್ನಾವರ ಭಟ್ಕಳವನ್ನು ಒಪ್ಪಿಕೊಂಡಿತು. ಅವಳು ನಾಗಭೂಷಣರಿಗೆ ಫೋನು ಮಾಡಿದಳು.

"ತಪ್ಪು ನಂದು ಸರ್. ಗಡಿಯಾರ ನೋಡ್ದೇ ತಾರೀಕು ಹಾಕ್ದವಳು ನಾನು. ಲಿಂಗಪ್ಪಣ್ಣ ಒಂದಕ್ಷರನೂ ತಪ್ಪಿರ್ಲಿಲ್ಲ."

ಫೋನು ಅವನ ಕೈಗೆ ಕೊಡು ಎಂದರು ನಾಗಭೂಷಣರು. ಲಿಂಗಪ್ಪ ಕೇಳಿಸಿಕೊಂಡು, "ಆತು, ಆತು" ಎಂದಷ್ಟೇ ಹೇಳಿ ಫೋನು ಹಿಂದಿರುಗಿಸಿದ.

"ಎಂತ ಅಂದ್ರು?"

"ಹೊಸ ಬ್ಯಾಟರಿ ಕಳಿಸ್ತ್ರಂತೆ."

ಇನ್ನು ಮುಂದೆ ಕರೆಂಟು ಹೋಗಿ ಬಂದರೆ ಈ ರೌಟರು ಹೊನ್ನಾವರದ್ದನ್ನು ಕೇಳಿ ಸಮಯ ಹೊಂದಿಸಿಕೊಳ್ಳಬೇಕಿತ್ತು; ಅದಕ್ಕೆ ಇನ್ನೆರಡು ಸಾಲು ಸಾಕು. ಅಮಿತಾ ಎದ್ದು ಕುರ್ಚಿಯನ್ನು ಲಿಂಗಪ್ಪನ ಕಡೆ ಸರಿಸಿದಳು. ಅವನು ಕನ್ನಡಕ ಏರಿಸಿಕೊಂಡು ಕೂತು, ಅವಳು ಹೇಳಿದ ಎರಡು ಸಾಲನ್ನು ಒಂದೇ ಬೆರಳಿನಲ್ಲಿ ಹೊಡೆದ.