ರುಮಾಲಿನ ಕೆಳಗಿನ ಐದನೆಯ ಕೈ

ನಮ್ಮ ಅರಿಶಿನದ ಅಡತಿ ಅಂಗಡಿಗೆ ಲಿಖಿತ ನಿಯಮಗಳು ಬೇಕೆಂದು ವಕೀಲರು ಹೇಳಿದ್ದು ಅಜ್ಜ ಬಾಳಪ್ಪ ತೀರಿಕೊಂಡ ಮೇಲೆ. ಅಲ್ಲಿಯವರೆಗೆ ಅಜ್ಜ ಕೆಮ್ಮಿದ್ದೇ ಕಾನೂನು.

ಉಳಿದ ನಿಯಮಗಳಿಗೆಲ್ಲ ಚಹಾ ಮುಗಿಯುವುದರೊಳಗೆ ಒಪ್ಪಿಗೆ ಸಿಕ್ಕಿತು. ತಕರಾರು ಎದ್ದದ್ದು ಒಂದಕ್ಕೆ: ಮದುವೆಯಾದ ಮಗಳು ಗಾದಿಯ ಮೇಲೆ ಕೂತು ವ್ಯಾಪಾರ ನೋಡಬಹುದೇ? ಅಪ್ಪನ ತಮ್ಮ ಗಜಾನನ ಕಾಕಾನ ಮಗಳು ಪ್ರಾಜಕ್ತಾ ಕೆಲವು ವರ್ಷಗಳಿಂದ ಇಡೀ ಖರೀದಿಯನ್ನು ನೋಡಿಕೊಳ್ಳುತ್ತಿದ್ದಳು. ಬರುವ ತಿಂಗಳು ಅವಳ ಮದುವೆ. ಗಂಡನ ಮನೆ ಬುಧಗಾಂವ, ದಿನಾ ಬಸ್ಸಿನಲ್ಲಿ ಬಂದುಹೋಗಬಹುದು. ಆದರೆ ಬೇಡವೆಂದು ನಿಯಮವಾದರೆ ಅಕ್ಕಿಕಾಳು ಬಿದ್ದ ದಿನವೇ ಅವಳ ಕೆಲಸ ಮುಗಿಯಿತು.

"ಬಾಯಿ ಬಿಟ್ಟ ಬ್ಯಾಡ ಅಂದ್ರ ಮನಸ ಒಡಿತಾವ," ಎಂದ ನನ್ನ ಅಪ್ಪ ಗುರಲಿಂಗ. ಗಾದಿಗೆ ಈಗ ಅವನೇ ಹಿರಿಯ. "ಅಪ್ಪನ ರುಮಾಲ ತರ್ರಿ."

ಅಜ್ಜನ ಕಾಲದಲ್ಲಿ ಸಾಂಗ್ಲಿಯ ಅರಿಶಿನದ ಹರಾಜು ರುಮಾಲಿನ ಕೆಳಗೇ ನಡೆಯುತ್ತಿತ್ತು. ಅಡತ್ಯಾ, ಅಂದರೆ ದಲ್ಲಾಳಿ, ಬಟ್ಟೆಯ ಕೆಳಗೆ ಕೈ ಇಟ್ಟಿರುತ್ತಿದ್ದ. ಖರೀದಿದಾರರು ಒಬ್ಬೊಬ್ಬರಾಗಿ ಕೈ ತೂರಿಸಿ, ಬೆರಳು ಒತ್ತಿ ದರ ಹೇಳುತ್ತಿದ್ದರು. ಗಾದಿಯ ಆಸೆ ಇಲ್ಲದವನೆಂದು ಈ ಸಲ ಕೆಳಗಿನ ಕೈ ನನ್ನದಾಯಿತು; ನನಗೆ ಮತವಿರಲಿಲ್ಲ. ಒಂದು ಬೆರಳು ಒತ್ತಿದರೆ ಹೌದು, ಎರಡು ಒತ್ತಿದರೆ ಬೇಡ. ಕೈ ಕೊಡುವುದನ್ನು ನಮ್ಮ ಮನೆಯವರಿಗೆ ಯಾರೂ ಕಲಿಸಬೇಕಾಗಿಲ್ಲ.

ನಾನು ಅಜ್ಜನ ದನಿ ತೆಗೆದು, ಅವನ ಹಾಗೇ ಕೆಮ್ಮಿ, "ಬಾಯಿ ಮುಚ್ಚರಿ, ಕೈ ಚಾಚರಿ" ಎಂದೆ. ಪ್ರಾಜಕ್ತಾ ನಕ್ಕಳು. ಅಜ್ಜಿ ಸುನಂದಾಬಾಯಿ ನಗಲಿಲ್ಲ.

ಅಜ್ಜಿ ಒಂದು ಬೆರಳು ಒತ್ತಿದಳು. ಅಪ್ಪ ಎರಡು. ಪ್ರಾಜಕ್ತಾ ಒಂದು, ಉಗುರು ನಾಟುವಂತೆ. ಗಜಾನನ ಕಾಕಾ ಮಗಳ ಮುಖ ನೋಡದೆ ಎರಡು ಒತ್ತಿದ.

ಸಮಸಮ. ಕೈ ತೆಗೆಯಬೇಕೆನ್ನುವಷ್ಟರಲ್ಲಿ ಇನ್ನೊಂದು ಕೈ ನನ್ನ ಬೆರಳುಗಳನ್ನು ಹಿಡಿಯಿತು. ಒಣಗಿದ, ತಣ್ಣಗಿನ, ಅವಸರವೇ ಇಲ್ಲದ ಕೈ. ನಾನು ಸುತ್ತ ನೋಡಿದೆ. ಅಪ್ಪನ ಕೈಗಳು ಚಹಾದ ಕಪ್ಪಿನ ಸುತ್ತ, ಕಾಕಾನವು ಮೊಣಕಾಲ ಮೇಲೆ. ಪ್ರಾಜಕ್ತಾ ಪೆನ್ನು ತಿರುಗಿಸುತ್ತಿದ್ದಳು, ಅಜ್ಜಿ ಸೆರಗು ಸರಿಮಾಡಿಕೊಳ್ಳುತ್ತಿದ್ದಳು. ಆ ಕೈ ಎರಡು ಬೆರಳು ಒತ್ತಿತು. ನನಗೆ ತಿಳಿಯಲಿಲ್ಲವೇನೋ ಎಂಬಂತೆ ಮತ್ತೊಮ್ಮೆ ಒತ್ತಿತು.

"ಯಾಕೋ ಬಸೂ, ಬೆವರಾಕತ್ತೀದಿ?" ಅಪ್ಪ ಕೇಳಿದ.

"ಕೈ ಬಿಡವಲ್ದು."

"ಯಾರದು?"

ನಾನು ಗೋಡೆಯ ಮೇಲಿನ ಅಜ್ಜನ ಫೋಟೊ ನೋಡಿದೆ.

"ಅವರದು," ಎಂದಳು ಅಜ್ಜಿ, ಹಳೆಯ ಗಿರಾಕಿಯ ಹೆಸರು ಹೇಳಿದಷ್ಟು ಸಲೀಸಾಗಿ. "ಏನಂತಾರ?"

"ಬ್ಯಾಡ ಅಂತಾರ."

ಅಪ್ಪ ಚಹಾದ ಕಪ್ಪು ಕೆಳಗಿಟ್ಟು ಸ್ವಲ್ಪ ಹಿಂದೆ ಸರಿದ. ಆದರೂ ಲೆಕ್ಕ ಬಿಡಲಿಲ್ಲ. "ಹಂಗಾದ್ರ ಬ್ಯಾಡ ಅನ್ನವ್ರು ಮೂರ ಮಂದಿ ಆತು. ಹಿರೇರ ಮಾತದು."

ಪ್ರಾಜಕ್ತಾ ಪೆನ್ನು ಕೆಳಗಿಟ್ಟಳು. "ದೊಡ್ಡಪ್ಪಾ, ಇವತ್ತ ಅವರ ಮತಾ ಹಿಡದ್ರ ನಾಳೆ ದರಾ ಮಾಡೂ ಮುಂದೂ ಹಿಡೀಬೇಕಾಗ್ತೈತಿ. ಆಮ್ಯಾಲ ಗಾದಿ ನಿಮ್ಮದೂ ಅಲ್ಲ."

ತಲೆ ಹಣ್ಣಾಗುವವರೆಗೂ ಅಜ್ಜನ ಕೆಮ್ಮಿಗೆ ಕಾದು ಕೂತಿದ್ದ ಅಪ್ಪ ರುಮಾಲನ್ನು ನೋಡಿದ. ಆಮೇಲೆ ರುಮಾಲಿಗೆ ಕೇಳಿಸಬಾರದೆಂಬಂತೆ ಮೆಲ್ಲಗೆ, "ನಾ ನಂದು ಬದಲ್ ಮಾಡೇನಿ," ಎಂದ. "ಬರಕೋ. ಮಗಳು ಕೂಡಬಹುದು."

ಅವಳು ಬರೆದಳು. ಅದರ ಕೆಳಗೆ, ಯಾರನ್ನೂ ಕೇಳದೆ, ಇನ್ನೊಂದು ಸಾಲು ಬರೆದು ಓದಿದಳು: ಬದುಕಿದ್ದವರಿಗೆ ಮಾತ್ರ ಮತ.

ಕೈ ನನ್ನನ್ನು ಬಿಟ್ಟಿತು. ನಾನು ಹೊರಗೆಳೆದುಕೊಂಡೆ. ರುಮಾಲು ಮಾತ್ರ ಚಪ್ಪಟೆಯಾಗಲಿಲ್ಲ.

ಅಜ್ಜಿಯೊಬ್ಬಳನ್ನು ಬಿಟ್ಟು ಎಲ್ಲರೂ ಸಹಿ ಮಾಡಿದರು. ಅಂಗಡಿಯ ಅರ್ಧ ಪಾಲು ಅಜ್ಜಿಯದು. ಅವಳ ಸಹಿ ಇಲ್ಲದೆ ಆ ಕಾಗದಕ್ಕೆ ಬೆಲೆ ಇಲ್ಲ. ಅವಳು ಪೆನ್ನು ಮುಟ್ಟಲಿಲ್ಲ.

"ಆ ಕಡೀ ಸಾಲ ಹೊಡದ ಹಾಕವಾ."

"ಯಾಕ್ರಿ ಅಜ್ಜಿ?"

"ನಾಳೆ ನಾನೂ ಈ ರುಮಾಲ ಕೆಳಗ ಬರಾಕಿ. ಈಗ ನಿನಗ ಹೌದ ಅಂದೇನಿ, ಆಗೂ ಅಂತೇನಿ. ಅಲ್ಲಿ ಅವರಿಗೆ ಎದುರ ಯಾರರೆ ಬೇಕಲ್ಲ."

ಪ್ರಾಜಕ್ತಾ ಉಬ್ಬಿ ನಿಂತಿದ್ದ ರುಮಾಲನ್ನು ನೋಡಿದಳು, ತನ್ನ ಹೆಸರಿಗೆ ದಾರಿ ಬಿಟ್ಟ ಮೇಲಿನ ಸಾಲನ್ನು ನೋಡಿದಳು, ಕೆಳಗಿನದನ್ನು ಹೊಡೆದು ಹಾಕಿದಳು.

ಅಜ್ಜಿ ಎಡಗೈಯಿಂದ ಸೊಟ್ಟಸೊಟ್ಟಗೆ ಸಹಿ ಮಾಡಿದಳು. ಬಲಗೈ ಮಣಿಕಟ್ಟಿನವರೆಗೆ ರುಮಾಲಿನ ಕೆಳಗಿತ್ತು. ಯಾರೋ ಎಳೆದಂತೆ ಆಗೊಮ್ಮೆ ಈಗೊಮ್ಮೆ ಇನ್ನಷ್ಟು ಒಳಗೆ ಸರಿಯುತ್ತಿತ್ತು.