ಜುನಿಪರಳ ಹೊಟ್ಟೆ, ಹಿಲ್ಡಾಳ ಗಾಡಿ

ಜುಲೈ ತಿಂಗಳ ನಡು ಮಧ್ಯಾಹ್ನ ಹೀಟರ್ ಹಾಕಿಕೊಂಡು ಗಾಡಿ ಓಡಿಸುವವರನ್ನು ಕಂಡರೆ ಯಾರಾದರೂ ತಲೆ ಕೆಟ್ಟಿದೆ ಅಂದುಕೊಂಡಾರು. ರೋವೀನಾಳ ತಲೆ ನೆಟ್ಟಗೇ ಇತ್ತು. ಕೆಟ್ಟಿದ್ದು ಅವಳ ಅತ್ತೆ ಹಿಲ್ಡಾಳ ಪಿಕಪ್. ಶೆಲ್ ಕಣಿವೆಯ ಏರು ಶುರುವಾಗಿ ನಾಲ್ಕು ಮೈಲಿ ದಾಟುವಷ್ಟರಲ್ಲಿ ಎಂಜಿನ್ನಿನ ಬಿಸಿ ತೋರಿಸುವ ಮುಳ್ಳು ಮೇಲೇಳತೊಡಗಿತ್ತು. ಆ ಕಾವನ್ನು ಒಂದಿಷ್ಟಾದರೂ ಈಚೆಗೆ ಎಳೆಯಬೇಕೆಂದರೆ ಹೀಟರ್ ಪೂರ್ತಿ ತಿರುಗಿಸಿ, ಎರಡೂ ಕಿಟಕಿ ಇಳಿಸಿ, ತಾವೇ ಬೆಂದುಕೊಂಡು ಕೂರಬೇಕು. ವಯೋಮಿಂಗಿನ ಬೆಟ್ಟಗಳಲ್ಲಿ ಟ್ರೇಲರ್ ಎಳೆಯುವವರೆಲ್ಲ ಒಂದಲ್ಲ ಒಂದು ಸಲ ಹೀಗೆ ಬೆಂದವರೇ.

"ಗೇರ್ ಇಳ್ಸು. ಇನ್ನೂ ಇಳ್ಸು," ಅಂದಳು ಪಕ್ಕದಲ್ಲಿ ಕೂತಿದ್ದ ಹಿಲ್ಡಾ. ಎಪ್ಪತ್ತಮೂರು ವರ್ಷದ ಆಕೆಯ ಮುಖ ಟೊಮೇಟೊ ಆಗಿತ್ತು.

"ಇದಕ್ಕಿಂತ ಕೆಳಗೆ ಗೇರೇ ಇಲ್ಲ ಅತ್ತೆ."

"ಮೂವತ್ತು ವರ್ಷದಲ್ಲಿ ಒಂದ್ಸಲನೂ ಈ ಗಾಡಿ ನನ್ನ ಕೈ ಬಿಟ್ಟಿಲ್ಲ. ಗೊತ್ತಾ?"

"ನಿಮ್ಮ ಕೈ ಬಿಟ್ಟಿಲ್ಲ. ಈಗ ನನ್ನ ಕೈಲಿದೆಯಲ್ಲ, ಅದಕ್ಕೇ."

ಮಾತು ಬೇಕಿತ್ತು, ಆಡಿದರು. ಇಬ್ಬರ ಕಿವಿಯೂ ಇದ್ದದ್ದು ಹಿಂದಿನ ಟ್ರೇಲರ್‌ನ ಮೇಲೆ. ಅಲ್ಲಿ ಜುನಿಪರ್ ಗೊರಸಿನಿಂದ ತಗಡನ್ನು ದಬದಬ ಬಡಿಯುತ್ತಿದ್ದಳು. ತಾಯಿ ಸತ್ತ ಮರಿಯಾಗಿದ್ದಾಗ ರೋವೀನಾ ಎರಡೆರಡು ಗಂಟೆಗೊಮ್ಮೆ ಎದ್ದು ಬಾಟಲಿ ಹಾಲು ಕುಡಿಸಿ ಉಳಿಸಿಕೊಂಡಿದ್ದ ಕುದುರೆ. ಈಗ ಅದಕ್ಕೆ ಹನ್ನೊಂದು ವರ್ಷ. ಬೆಳಗ್ಗೆಯಿಂದ ಹೊಟ್ಟೆಶೂಲೆ. ಕುದುರೆಗೆ ವಾಂತಿ ಮಾಡಲು ಬರುವುದಿಲ್ಲ. ಒಳಗೆ ಕಟ್ಟಿಕೊಂಡದ್ದು ಹಿಂದಿನಿಂದಲೇ ಹೋಗಬೇಕು, ಇಲ್ಲದಿದ್ದರೆ ಕುದುರೆಯೇ ಹೋಗುತ್ತದೆ. ಮನೆಯಲ್ಲಿದ್ದ ಇಂಜೆಕ್ಷನ್ ಕೊಟ್ಟಾಗಿತ್ತು. ಬೆಟ್ಟದ ಆಚೆ ಶೆರಿಡನ್ನಿನಲ್ಲಿರುವ ಡಾಕ್ಟರ್ ಎಕ್ಲಂಡ್ ಫೋನಿನಲ್ಲಿ, "ಕರುಳು ತಿರುಚ್ಕೊಂಡಿದ್ರೆ ಕೊಯ್ದೇ ನೋಡ್ಬೇಕು. ತಡ ಮಾಡದೆ ಕರ್ಕೊಂಡು ಬನ್ನಿ. ದಾರೀಲಿ ಬಿದ್ದು ಹೊರಳೋಕೆ ಮಾತ್ರ ಬಿಡ್ಬೇಡಿ," ಅಂದಿದ್ದರು. ಮನೆಯ ಒಳ್ಳೆಯ ಗಾಡಿಯನ್ನು ರೋವೀನಾಳ ಗಂಡ ಬೇಲಿ ಕೆಲಸಕ್ಕೆ ಒಯ್ದಿದ್ದ. ಹಾಗಾಗಿ ಈ ಮುದಿ ಪಿಕಪ್ಪೇ ಗತಿಯಾಗಿತ್ತು.

ಮುಂದಿನ ತಿರುವಿನಲ್ಲಿ ಮುಳ್ಳು ಕೆಂಪು ಮುಟ್ಟಿತು. ಬಾನೆಟ್ಟಿನ ಸಂದಿಯಿಂದ ಬಿಳಿ ಹಬೆ ಬುಸ್ಸೆಂದಿತು. ರಸ್ತೆ ಪಕ್ಕದ ಅಗಲ ಜಾಗಕ್ಕೆ ಗಾಡಿ ತಂದು ನಿಲ್ಲಿಸಿದ ರೋವೀನಾ, ಇಳಿದು ಚಕ್ರಗಳ ಹಿಂದೆ ದಪ್ಪ ಕಲ್ಲು ಒತ್ತಿದಳು. ಫೋನ್ ತೆಗೆದು ನೋಡಿದಳು. ಸಿಗ್ನಲ್ ಇರಲಿಲ್ಲ. ಬಾನೆಟ್ ಎತ್ತಿ ರೇಡಿಯೇಟರ್ ಮುಚ್ಚಳಕ್ಕೆ ಕೈ ಹಾಕಲು ಹೋದಾಗ ಹಿಲ್ಡಾ ಆ ಕೈಗೆ ಪಟ್ಟೆಂದು ಹೊಡೆದಳು.

"ಮುಖ ಬೇಯಿಸ್ಕೋಬೇಕಾ? ಒಂದು ಗಂಟೆ ಮುಟ್ಟೋ ಹಾಗಿಲ್ಲ."

"ಅವಳಿಗೆ ಒಂದು ಗಂಟೆ ಇಲ್ಲ ಅತ್ತೆ!"

ಟ್ರೇಲರ್‌ನ ಒಳಗೆ ದಬದಬ ನಿಂತಿತ್ತು. ಅದು ಬಡಿತಕ್ಕಿಂತ ಕೆಟ್ಟದ್ದು. ಸಂದಿಯಲ್ಲಿ ಇಣುಕಿದರೆ ಜುನಿಪರ್ ತಲೆ ಕೆಳಗೆ ಹಾಕಿ, ಬೆವರಿನಿಂದ ಕಪ್ಪಾಗಿ, ಮುಂಗಾಲು ಮಡಿಸಲು ನೋಡುತ್ತಿದ್ದಳು.

"ಇಳ್ಸು ಅವಳನ್ನ. ನಡೆಸು," ಅಂದಳು ಹಿಲ್ಡಾ.

"ಈ ರಸ್ತೇಲಾ? ಮತ್ತೆ ಹತ್ತದೇ ಹೋದ್ರೆ?"

"ಹತ್ತದೇ ಹೋದ್ರೆ ಮೂರೂ ಜನ ಶೆರಿಡನ್‌ಗೆ ನಡ್ಕೊಂಡೇ ಹೋಗೋಣ. ಒಳಗೆ ಬಿದ್ಲು ಅಂದ್ರೆ ನಾವಿಬ್ರು ಅಲ್ಲ, ಹತ್ತು ಗಂಡಸ್ರು ಬಂದ್ರೂ ಎತ್ತೋಕಾಗಲ್ಲ. ಯೋಚ್ನೆ ಆಮೇಲೆ ಮಾಡು, ಬಾಗಿಲು ತೆಗಿ."

ಹಿಲ್ಡಾ ಹೇಳಿದ್ದು ಸರಿ ಎಂದು ಒಪ್ಪಿಕೊಳ್ಳುವುದು ರೋವೀನಾಳಿಗೆ ಯಾವತ್ತೂ ಸುಲಭವಾಗಿರಲಿಲ್ಲ. ಬಾಗಿಲು ತೆಗೆದಳು. ಜುನಿಪರ್ ಹಿಂದೆ ಹಿಂದೆ ಹೆಜ್ಜೆಯಿಟ್ಟು ಇಳಿದು, ಡಾಂಬರಿನ ಮೇಲೆ ಕುಡಿದವಳ ಹಾಗೆ ತೂರಾಡಿದಳು. ರೋವೀನಾ ಹಗ್ಗ ಹಿಡಿದು ಏರಿನ ಕಡೆಗೆ ನಡೆಸಿದಳು. ಮೇಲಿನ ತಿರುವಿನವರೆಗೆ ಹೋಗುವುದು, ವಾಪಸು ಬರುವುದು. ಇತ್ತ ಹಿಲ್ಡಾ ಕಾವು ತಾಗದಷ್ಟು ದೂರದಿಂದ ಗಾಡಿಯ ಮೂತಿಯೊಳಗೆ ಬಗ್ಗಿ ನೋಡಿ, ಬಾಯ್ತುಂಬ ಬೈದಳು. ಆ ವರ್ಷ ಮಿಡತೆ ಕಾಟ ಹೇಳತೀರದು. ಕಾಟನ್‌ವುಡ್ ಮರದ ಹತ್ತಿಯೂ ಸತ್ತ ಮಿಡತೆಗಳೂ ಸೇರಿ ರೇಡಿಯೇಟರ್‌ಗೆ ಒಂದು ಕಂಬಳಿಯನ್ನೇ ಹೊದಿಸಿದ್ದವು. ಗಾಳಿ ನುಗ್ಗಲು ಕೂದಲೆಳೆಯಷ್ಟೂ ಜಾಗವಿರಲಿಲ್ಲ.

"ಮೂವತ್ತು ವರ್ಷ ಕೈ ಬಿಡದ ಗಾಡಿ," ಅಂತ ಕುಟುಕಿದಳು ರೋವೀನಾ, ಹತ್ತಿರ ಬಂದಾಗ.

"ಗಾಡಿದೇನೂ ತಪ್ಪಿಲ್ಲ. ತೊಳೀದೇ ಇದ್ದೋಳು ನಾನು. ಸಾಕಾ? ನಡೆ ನೀನು."

ಅತ್ತೆಯ ಬಾಯಿಂದ ತಪ್ಪೊಪ್ಪಿಗೆ! ಬೇರೆ ದಿನವಾಗಿದ್ದರೆ ರೋವೀನಾ ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿಕೊಳ್ಳುತ್ತಿದ್ದಳು. ಹಿಲ್ಡಾ ಕುದುರೆ ಉಜ್ಜುವ ಬ್ರಷ್ ತೆಗೆದುಕೊಂಡು ರೇಡಿಯೇಟರನ್ನು ಉಜ್ಜಲು ನಿಂತಳು, ಅದೇ ಒಂದು ಕುದುರೆಯೋ ಎಂಬಂತೆ.

ಮೂರನೆಯ ಸುತ್ತಿನಲ್ಲಿ ಜುನಿಪರಳ ಮುಂಗಾಲು ಮಡಚಿಕೊಂಡವು. "ಬೇಡ ಕಣೇ, ಬೇಡ, ಏಳು!" ಎಂದು ರೋವೀನಾ ಹಗ್ಗ ಜಗ್ಗಿದಳು. ಐನೂರು ಕಿಲೋ ಮೈ ನೆಲದ ಕಡೆಗೆ ವಾಲುತ್ತಿರುವಾಗ ಹಗ್ಗ ಏನು ಮಾಡೀತು? ಹಿಲ್ಡಾ ಬ್ರಷ್ ಹಿಡಿದುಕೊಂಡೇ ಓಡಿ ಬಂದಳು. ಆ ವಯಸ್ಸಿನ ಹೆಂಗಸು ಏರಿನಲ್ಲಿ ಹಾಗೆ ಓಡಿದ್ದನ್ನು ರೋವೀನಾ ಕಂಡಿರಲಿಲ್ಲ. ಕುದುರೆಯ ತೊಡೆಗೆ ಛಟೀರನೆ ಒಂದು ಬಿಟ್ಟು, "ಏಳೇ ಮುಂಡೇದೇ! ಸಾಯೋಕೆ ಬೇರೆ ಜಾಗ ಸಿಗಲಿಲ್ವಾ?" ಎಂದು ಗುಡುಗಿದಳು. ಜುನಿಪರ್ ಬೆಚ್ಚಿ, ನರಳಿ, ಎದ್ದು ನಿಂತಳು.

ರೋವೀನಾ ಅದರ ಪಕ್ಕೆಗೆ ಕಿವಿ ಒತ್ತಿದಳು. ಚೆನ್ನಾಗಿರುವ ಕುದುರೆಯ ಹೊಟ್ಟೆ ಯಾವಾಗಲೂ ಗುಳುಗುಳು ಅನ್ನುತ್ತಿರಬೇಕು.

"ಏನಾದ್ರೂ ಕೇಳ್ತಾ?"

"ಏನೂ ಇಲ್ಲ," ಅಂದಳು ರೋವೀನಾ. ಕಣ್ಣೀರು ತಾನಾಗಿಯೇ ಇಳಿಯಿತು.

"ಅಳೋದಿದ್ರೆ ನಡ್ಕೊಂಡೇ ಅಳು," ಅಂದಳು ಹಿಲ್ಡಾ. ದನಿ ಒರಟಾಗಿತ್ತು, ಆದರೆ ಹಗ್ಗದ ಇನ್ನೊಂದು ಬದಿಯನ್ನು ಅವಳೂ ಹಿಡಿದುಕೊಂಡಳು. ಕುದುರೆಯ ಎಡಕ್ಕೊಬ್ಬಳು, ಬಲಕ್ಕೊಬ್ಬಳು. ಈ ಸಲ ತಿರುವಿನಲ್ಲಿ ವಾಪಸಾಗದೆ ಮೇಲಕ್ಕೇ ಹೋದರು. ಏರು ಕಡಿದಾಗಿತ್ತು. ಮುಂಗಾಲು ಊರಿ ಮೈಯೆಳೆಯುವ ಪ್ರತಿ ಹೆಜ್ಜೆಗೂ ಜುನಿಪರಳ ಹೊಟ್ಟೆ ಆಚೀಚೆ ಕುಲುಕುತ್ತಿತ್ತು. ಹಿಲ್ಡಾ ಏದುಸಿರು ಬಿಡುತ್ತಿದ್ದಳು. ನೀವು ನಿಲ್ಲಿ ಅಂದರೆ ಕೇಳಲಿಲ್ಲ.

ಅರ್ಧ ಮೈಲಿ ನಡೆದಿರಬಹುದು. ಹಿಂದಿನಿಂದ ಒಂದು ಸದ್ದು ಬಂತು. ಉದ್ದನೆಯ, ನಾಚಿಕೆಯಿಲ್ಲದ, ಬಂಡೆಗಳಿಗೆ ಬಡಿದು ಮರುದನಿಸಿದ ಸದ್ದು.

ಇಬ್ಬರೂ ಗಕ್ಕನೆ ನಿಂತರು.

"ನೀವಲ್ಲ ತಾನೆ?" ಅಂದಳು ರೋವೀನಾ.

"ನಿನ್ನ ತಲೆ. ನಡೆಸು, ನಡೆಸು!"

ಇನ್ನು ಇಪ್ಪತ್ತು ಹೆಜ್ಜೆ. ಜುನಿಪರ್ ಬಾಲ ಎತ್ತಿದಳು. ಮೊದಲು ಕಲ್ಲಿನಂಥ ಒಣ ಉಂಡೆ ಒಂದು, ಎರಡು. ಆಮೇಲೆ ತಡೆ ಒಡೆದ ಹಾಗೆ, ಹಸಿರು ಲದ್ದಿ ಧೊಪಧೊಪನೆ ಡಾಂಬರಿನ ಮೇಲೆ ರಾಶಿ ಬಿತ್ತು. ಹಿಲ್ಡಾ ಬರಿಗೈಯಲ್ಲೇ ಒಂದು ಉಂಡೆ ಎತ್ತಿ ಹಿಸುಕಿ ನೋಡಿದಳು. "ಒದ್ದೆ ಇದೆ. ಬಿಸಿ ಇದೆ. ರೋವೀ, ಒದ್ದೆ ಇದೆ ಕಣೇ!" ಅತ್ತೆ ಸೊಸೆ ಒಬ್ಬರನ್ನೊಬ್ಬರು ತಬ್ಬಿಕೊಂಡು, ಲದ್ದಿಯ ಪಕ್ಕದಲ್ಲೇ ಕುಣಿದರು.

ಕೆಳಗಿನಿಂದ ಬಂದ ಪ್ರವಾಸಿಗರ ಮನೆಯಂಥ ದೊಡ್ಡ ಗಾಡಿ ಪಕ್ಕದಲ್ಲಿ ನಿಧಾನವಾಯಿತು. ಓಡಿಸುತ್ತಿದ್ದವನು ಗಾಬರಿಯಿಂದ, "ಕೆಳಗೆ ನಿಂತಿರೋ ಗಾಡಿ ನಿಮ್ದಾ? ಏನಾದ್ರೂ ಬೇಕಾಗಿತ್ತಾ?" ಎಂದು ಕೇಳಿದ.

"ಬೇಡಪ್ಪ," ಅಂದಳು ಹಿಲ್ಡಾ ಕಣ್ಣೊರೆಸಿಕೊಳ್ಳುತ್ತ. "ಬೇಕಾಗಿದ್ದು ಈಗಷ್ಟೇ ಬಿತ್ತು."

ಅವನು ರಸ್ತೆಯನ್ನೊಮ್ಮೆ, ಅವಳ ಕೈಯನ್ನೊಮ್ಮೆ ನೋಡಿ, ಕಿಟಕಿ ಏರಿಸಿಕೊಂಡು ಹೊರಟುಹೋದ.

ರೋವೀನಾ ಮತ್ತೆ ಕಿವಿ ಒತ್ತಿದಳು. ಮೊದಲು ಅವಳದೇ ಎದೆಬಡಿತ. ಆಮೇಲೆ ಆಳದಲ್ಲೆಲ್ಲೋ ಗುಳುಕ್ ಅಂತು. ಇನ್ನೊಮ್ಮೆ ಅಂತು. ಅತ್ತೆಯ ತಲೆಯನ್ನೇ ಹಿಡಿದು ಕುದುರೆಯ ಪಕ್ಕೆಗೆ ಒತ್ತಿದಳು. ಹಿಲ್ಡಾ ಕಣ್ಣು ಮುಚ್ಚಿಕೊಂಡು ಬಹಳ ಹೊತ್ತು ಕೇಳಿದಳು.

"ಡಾಕ್ಟರಿಗೆ ತೋರಿಸ್ಲೇಬೇಕು," ಅಂದಳು ಕೊನೆಗೆ. "ಗಾಡಿ ತಣ್ಣಗಾಗಿರುತ್ತೆ. ಸಂದಿ ಎಲ್ಲ ಬಿಡಿಸಿದೀನಿ, ನೀರು ಹಾಕಿದ್ರೆ ಹತ್ತುತ್ತೆ. ನಡಿ."

ತಿರುಗಿಸಿ ಇಳಿಸೋಣವೆಂದರೆ ಜುನಿಪರ್ ಹಂದಾಡಲಿಲ್ಲ. ಕತ್ತು ಚಾಚಿ, ರಸ್ತೆಯಂಚಿನ ಹುಲ್ಲಿಗೆ ಬಾಯಿ ಹಾಕಿದ್ದಳು. ಬೆಳಗ್ಗೆಯಿಂದ ಓಟ್ಸ್ ಮೂಸಿಯೂ ನೋಡದಿದ್ದ ಕುದುರೆ. ಡಾಕ್ಟರು ನೋಡುವ ತನಕ ಒಂದೆಸಳೂ ಒಳಗೆ ಹೋಗಬಾರದು. ರೋವೀನಾ ಹಗ್ಗವನ್ನು ಸೊಂಟಕ್ಕೆ ಕೊಟ್ಟು, ಇದ್ದ ಬಲವನ್ನೆಲ್ಲ ಹಾಕಿ ಎಳೆದಳು. ಜುನಿಪರ್ ಅಷ್ಟೇ ಬಲವಾಗಿ ಹುಲ್ಲಿನ ಕಡೆಗೆ ಎಳೆದಳು.

"ಬಿಡೇ, ತಿನ್ಬೇಡ್ವೇ, ಹೊಟ್ಟೆಬಾಕಿ," ಎಂದು ಬೈಯುತ್ತ, ನಗುತ್ತ, ಅಳುತ್ತ ರೋವೀನಾ ಎಳೆಯುತ್ತಲೇ ಇದ್ದಳು. ಕುದುರೆ ಗೆಲ್ಲುತ್ತಿತ್ತು.