ಸುಣ್ಣದ ಶಿಲುಬೆ ಎತ್ತಿದವಳು

ಮಾಂಸದ ಕಾರ್ಖಾನೆಯಲ್ಲಿ ಪಾಳಿ ಮುಗಿದದ್ದೇ ಯುಫ್ರಾಸಿಯಾ ಮನೆಗೂ ಹೋಗದೆ ಚರ್ಚಿನ ಕಡೆ ನಡೆದಳು. ಕೈಯಲ್ಲಿ ಬಿಳಿ ಹೂವಿನ ಕಟ್ಟು. ಚೀಲದಲ್ಲಿ ಒಂದು ಹೊಸ ಬ್ರಷ್ಷು, ಒಂದು ಹೊಸ ತಟ್ಟೆ. ಆ ಶುಕ್ರವಾರ ಅಬುಂದಿಯೊ ತೀರಿಕೊಂಡು ಒಂಬತ್ತನೆಯ ದಿನ.

ಅಬುಂದಿಯೊ ಅದೇ ಕಾರ್ಖಾನೆಯಲ್ಲಿ ಮೂಳೆ ಬಿಡಿಸುತ್ತಿದ್ದವನು, ನಿಂತ ಕಡೆಯೇ ಎದೆ ಹಿಡಿದುಕೊಂಡು ಬಿದ್ದಿದ್ದ. ಹೆಣವನ್ನು ಮೆಕ್ಸಿಕೊಗೆ, ಅವನ ಊರಿಗೆ ಕಳಿಸಿದ್ದಾಗಿತ್ತು. ಹೆಂಡತಿ ಫಿದೆಲೀನಾ ಹಿಂದೆ ಹೋಗುವ ಹಾಗಿರಲಿಲ್ಲ. ಹೋದರೆ ಗಡಿ ದಾಟಿ ಮತ್ತೆ ಬರುವ ಕಾಗದ ಅವಳ ಹತ್ತಿರ ಇರಲಿಲ್ಲ. ಗಂಡನ ಮಣ್ಣು ಅಂತ ಅವಳಿಗೆ ಉಳಿದದ್ದು ನೆಲದ ಮೇಲೆ ಬಿಡಿಸಿದ ಸುಣ್ಣದ ಶಿಲುಬೆ ಒಂದೇ. ಬಾಡಿಗೆ ಮನೆಯ ಮಾಲೀಕ ಮೇಣದಬತ್ತಿ ಹಚ್ಚಬೇಡಿ, ಜನ ಸೇರಿಸಬೇಡಿ ಅಂದಿದ್ದ. ಹಾಗಾಗಿ ಫಾದರ್ ಕ್ರೂಗ್ ಚರ್ಚಿನ ನೆಲಮಾಳಿಗೆಯಲ್ಲಿ ಒಂದು ಮೂಲೆ ಕೊಟ್ಟಿದ್ದರು. ಎಂಟು ಸಂಜೆ ಯುಫ್ರಾಸಿಯಾ ಆ ಶಿಲುಬೆಯ ಮುಂದೆ ಮೊಣಕಾಲೂರಿ ಜಪಸರ ನಡೆಸಿದ್ದಳು.

ಒಂಬತ್ತನೆಯ ಸಂಜೆ ಶಿಲುಬೆ ಎತ್ತಬೇಕು. ತಲೆ, ಎರಡು ತೋಳು, ಪಾದ, ಹೀಗೆ ಒಂದೊಂದೇ ಕಡೆಯಿಂದ ಸುಣ್ಣ ಕೂಡಿಸಿ, ಸ್ಮಶಾನಕ್ಕೆ ಒಯ್ದು ಹೂಳಬೇಕು. ಅಲ್ಲಿಯವರೆಗೆ ಸತ್ತವನು ಮನೆ ಬಿಡುವುದಿಲ್ಲ. ಎತ್ತಿದವಳು ಆ ಮನೆಗೆ ಕೊಮಾದ್ರೆ, ಅಂದರೆ ದೇವರ ಸಾಕ್ಷಿಯ ಬಂಧು, ಆಗುತ್ತಾಳೆ. ಒಡಹುಟ್ಟಿದವರು ಕೈಬಿಟ್ಟಾರು, ಕೊಮಾದ್ರೆ ಬಿಡುವಂತಿಲ್ಲ.

ಇಪ್ಪತ್ತೆರಡು ವರ್ಷದಲ್ಲಿ ಯುಫ್ರಾಸಿಯಾ ನಲವತ್ತು ಹೆಣಕ್ಕೆ ಜಪ ಹೇಳಿದ್ದಳು. ಜಪ ಹೇಳುವವಳು ಎತ್ತುವುದಿಲ್ಲ, ಅದು ವಾಡಿಕೆ. ಎಲ್ಲರ ಮನೆಯಲ್ಲೂ ಕಾಫಿ ಕೊಟ್ಟು ಕಳಿಸುತ್ತಿದ್ದರು, ಅಷ್ಟೇ. ಈ ಸಲ ಫಿದೆಲೀನಾ ಕೈ ಹಿಡಿದುಕೊಂಡು, "ನಂಗೆ ಇಲ್ಲಿ ಯಾರಿದಾರೆ ಅಮ್ಮಾ? ಈ ಸಲ ನೀವೇ ಎತ್ತಿ," ಅಂದಿದ್ದಳು. "ನೋಡೋಣ ಬಿಡು," ಅಂದವಳು ಅವತ್ತೇ ಅಂಗಡಿಗೆ ಹೋಗಿ ಬ್ರಷ್ಷು ಕೊಂಡಿದ್ದಳು.

ನೆಲಮಾಳಿಗೆಯ ಮೆಟ್ಟಿಲಿಳಿದಾಗ ಫಿನಾಯಿಲಿನ ವಾಸನೆ ಮೂಗಿಗೆ ಬಡಿಯಿತು. ಮೂಲೆ ಒದ್ದೆಯಾಗಿ ಹೊಳೆಯುತ್ತಿತ್ತು. ಉದ್ದಕ್ಕೂ ಮೇಜು, ಮೇಜಿನ ಮೇಲೆ ಕಾಗದ. ಆ ಕಡೆ ಎಣ್ಣೆಯ ಬಾಣಲೆ ಮುಂದೆ ವಿಲ್ಮಾ ಹೋಲ್ಟ್‌ಹೌಸ್ ನಿಂತಿದ್ದಳು. ಮೂವತ್ತು ವರ್ಷದಿಂದ ಆ ನೆಲಮಾಳಿಗೆಯ ಬೀಗದಕೈ ಅವಳ ಸೊಂಟದಲ್ಲೇ. ಮಾಂಸ ಮುಟ್ಟದ ತಪಸ್ಸುಕಾಲದ ಶುಕ್ರವಾರಗಳಂದು ಊರಿಗೆಲ್ಲ ಕರಿದ ಮೀನಿನ ಊಟ ಹಾಕುವವಳೂ ಅವಳೇ. ಅವತ್ತು ಆ ವರ್ಷದ ಮೊದಲ ಊಟ, ಆಗಲೇ ಜನ ತಟ್ಟೆ ಹಿಡಿದು ಸಾಲು ನಿಂತಿದ್ದರು.

"ಇಲ್ಲಿದ್ದ ಶಿಲುಬೆ ಎಲ್ಲಿ?" ಅಂದಳು ಯುಫ್ರಾಸಿಯಾ, ಕಾರ್ಖಾನೆಯಲ್ಲಿ ಕಲಿತ ಇಂಗ್ಲಿಷಿನಲ್ಲಿ.

"ಗೋಡೆ ಮೇಲಿದೆಯಲ್ಲ, ಕಣ್ಣು ಕಾಣಲ್ವಾ?"

"ನೆಲದ ಮೇಲಿದ್ದದ್ದು. ಸುಣ್ಣದ್ದು."

"ಓ, ಆ ಗಲೀಜಾ? ಗುಡಿಸ್ದೆ. ಇನ್ನೂರು ಜನ ಊಟಕ್ಕೆ ಬರ್ತಾರೆ. ನಿಮ್ಮ ಸುಣ್ಣದ ಪುಡಿ ಅವರ ತಟ್ಟೆಗೆ ಬೀಳ್ಬೇಕಾ?"

ಗದ್ದಲ ಕೇಳಿ ಫಾದರ್ ಕ್ರೂಗ್ ಇಳಿದು ಬಂದರು. ಒಳ್ಳೆಯವರೇ. ಆದರೆ ಒಂದೇ ಜಾಗವನ್ನು ಇಬ್ಬರಿಗೆ, ಎರಡು ಭಾಷೆಯಲ್ಲಿ, ಕೊಟ್ಟು ಮರೆಯುವುದು ಅವರ ಗುಣ.

"ಶುಕ್ರವಾರ ಅಂತ ನಂಗೆ ಹೊಳೀಲೇ ಇಲ್ಲ," ಅಂದರು. "ವಿಲ್ಮಾಗೆ ಹೇಳ್ಬೇಕಿತ್ತು. ಅಮ್ಮಾ, ಇನ್ನೊಂದು ಶಿಲುಬೆ ಬಿಡಿಸಿದ್ರೆ ಆಗಲ್ವಾ?"

"ಎಂಟು ದಿನ ಫಿದೆಲೀನಾ ಅದರ ಮುಂದೆ ಅತ್ತಿದ್ದಾಳಲ್ಲ ಫಾದರ್, ಆ ಕಣ್ಣೀರನ್ನೂ ಇನ್ನೊಂದ್ಸಲ ಬಿಡಿಸ್ಲಾ?"

ಅಷ್ಟರಲ್ಲಿ ಫಿದೆಲೀನಾ ನಾಲ್ಕು ಜನ ಹೆಂಗಸರೊಂದಿಗೆ ಬಂದಳು. ತಲೆ ಮೇಲೆ ಕಪ್ಪು ಶಾಲು, ತೋಳಲ್ಲಿ ಹುರುಳಿಕಾಯಿ ಬೀಜ ತುಂಬಿದ ತಮಾಲೆ ಕಡುಬಿನ ಪಾತ್ರೆ. ನೆಲ ನೋಡಿದಳು. ಪಾತ್ರೆ ಇಳಿಸಿ, ಒದ್ದೆಯ ಮೇಲೇ ಕೂತುಬಿಟ್ಟಳು. ಅಳಲಿಲ್ಲ. ಅಂಗೈಯಿಂದ ನೆಲ ಸವರಿ ಕೈ ನೋಡಿಕೊಂಡಳು, ಬಿಳಿ ಏನಾದರೂ ಹತ್ತಿದೆಯೋ ಅಂತ.

ಯುಫ್ರಾಸಿಯಾ ಬಾಣಲೆಯ ಹತ್ತಿರಕ್ಕೇ ಹೋದಳು.

"ಗುಡಿಸಿದ್ದು ನೀನೇ ತಾನೆ? ನಿನ್ನ ಕೈಯಿಂದ್ಲೇ?" ಅಂದಳು ವಿಲ್ಮಾಗೆ.

"ನಾನೇ. ಪೊಲೀಸರನ್ನ ಕರೀತೀಯಾ? ಕರಿ. ಅವರು ಬಂದ್ರೆ ಯಾರು ಓಡ್ತಾರೆ ನೋಡೋಣ."

ಸಾಲಿನಲ್ಲಿ ಯಾರೋ ನಕ್ಕರು. ಯುಫ್ರಾಸಿಯಾ ಸಾಲಿನ ಕಡೆ ತಿರುಗಿ ದನಿ ಎತ್ತಿದಳು.

"ಎಲ್ರೂ ಕೇಳಿ. ಸತ್ತವನ ಶಿಲುಬೆ ಯಾರು ಎತ್ತುತ್ತಾರೋ ಅವರೇ ಅದನ್ನ ಹೂಳ್ಬೇಕು. ಅವನ ಹೆಂಡ್ತಿಗೆ ಸಾಯೋ ತನಕ ದಿಕ್ಕಾಗ್ಬೇಕು. ಇದು ನಮ್ಮ ಕಟ್ಟು. ಎತ್ತಿದವಳು ಈ ವಿಲ್ಮಾ. ಈಗ ಆಗಲ್ಲ ಅನ್ಲಿ, ನಿಮ್ಮೆಲ್ಲರ ಮುಂದೆ ಅನ್ಲಿ."

ಅವಳಿಗೆ ಬೇಕಾಗಿದ್ದದ್ದು ಅಷ್ಟೇ. ವಿಲ್ಮಾ ಆಗಲ್ಲ ಅನ್ನಬೇಕು, ಊರೆಲ್ಲ ಕೇಳಬೇಕು. ಆಮೇಲೆ ತಾನು ಕಸದ ಡಬ್ಬಕ್ಕೆ ಕೈ ಹಾಕಿ ಸುಣ್ಣ ತೆಗೆದು, ಹೊಸ ತಟ್ಟೆಯಲ್ಲಿ ಎತ್ತಬೇಕು.

"ಏನಂದ್ರಿ ಅಮ್ಮಾ?" ಅಂದಳು ಫಿದೆಲೀನಾ ಕೆಳಗಿನಿಂದಲೇ.

ಯುಫ್ರಾಸಿಯಾ ಅದೇ ಸಿಟ್ಟಿನಲ್ಲಿ ತಮ್ಮ ಭಾಷೆಯಲ್ಲಿ ಹೇಳಿದಳು. ಹೇಳಬಾರದಿತ್ತು. ಫಿದೆಲೀನಾ ಎದ್ದಳು, ಮೇಜು ಸುತ್ತಿ ಹೋಗಿ, ವಿಲ್ಮಾಳ ಹಿಟ್ಟು ಮೆತ್ತಿದ ಕೈ ಹಿಡಿದು ಮುತ್ತಿಟ್ಟಳು.

"ಕೊಮಾದ್ರೆ," ಅಂದಳು.

ಅವಳಿಗೆ ವ್ಯಂಗ್ಯ ತಿಳಿಯಲಿಲ್ಲ. ಕಟ್ಟು ಕಟ್ಟೇ. ಎತ್ತಿದವಳು ಎತ್ತಿದವಳೇ.

"ಏನಂತಾಳೆ ಇವಳು?" ವಿಲ್ಮಾ ಕೈ ಕಿತ್ತುಕೊಂಡಳು.

"ನೀನು ಇವಳ ಬಂಧು ಆದೆ ಅಂತಾಳೆ. ಬೇಡ ಅಂದ್ರೆ ಬೇಡ ಅನ್ನು, ಮುಗೀತು."

"ನನ್ನ ಮನೆಯಂಥಾ ಜಾಗದಲ್ಲಿ ನಿಂತು ನಂಗೇ ಏನು ಅನ್ಬೇಕು ಅಂತ ಹೇಳ್ಕೊಡ್ತೀಯಾ?" ವಿಲ್ಮಾಳ ಮುಖ ಕೆಂಪಾಯಿತು. "ನಾನು ಮಾಡಿದ್ದನ್ನ ನಾನೇ ಮುಗಿಸ್ತೀನಿ. ನಿಂಗೆ ಹೆದರಿ ಅಲ್ಲ, ತಿಳ್ಕೋ. ಫಾದರ್, ಆ ಎಣ್ಣೆ ನೋಡ್ಕೊಳ್ಳಿ."

ಹಿಂದಿನ ಬಾಗಿಲಲ್ಲಿ ಕಸದ ಡಬ್ಬ ಬೋರಲು ಹಾಕಿದಳು. ಆಲೂಗಡ್ಡೆ ಸಿಪ್ಪೆಯ ನಡುವೆ ಕೂತು ಸುಣ್ಣವನ್ನು ಖಾಲಿ ಕಾಫಿ ಡಬ್ಬಿಗೆ ತುಂಬಿದಳು, ಬೈಯುತ್ತಾ. ಫಿದೆಲೀನಾ ಪಕ್ಕದಲ್ಲಿ ಕೂತು ಸಿಪ್ಪೆಗೆ ಹತ್ತಿದ ಸುಣ್ಣ ಒರೆಸಿ ಒರೆಸಿ ಕೊಟ್ಟಳು. ಯುಫ್ರಾಸಿಯಾ ಚೀಲ ತೆರೆಯಲೇ ಇಲ್ಲ.

ಸ್ಮಶಾನ ಚರ್ಚಿನ ಹಿಂದೆಯೇ. ಅಲ್ಲಿ ಅಂಗೈಯಗಲ ಜಾಗವೂ ಊರಿನ ಹಳೆಯ ಜರ್ಮನ್ ಮನೆತನಗಳ ಹೆಸರಿನಲ್ಲಿ ಹಂಚಿಹೋಗಿತ್ತು. ವಿಲ್ಮಾ ಅತ್ತಿತ್ತ ನೋಡದೆ ಗಂಡನ ಸಮಾಧಿಗೆ ಹೋದಳು. ಒಂದೇ ಕಲ್ಲು. ಒಂದು ಕಡೆ ಅವನ ಹೆಸರು, ಹುಟ್ಟಿದ ವರ್ಷ, ಸತ್ತ ವರ್ಷ. ಇನ್ನೊಂದು ಕಡೆ ಅವಳ ಹೆಸರು, ಹುಟ್ಟಿದ ವರ್ಷ, ಆಮೇಲೆ ಬರೀ ಕಲ್ಲು. ಆ ಬರೀ ಕಲ್ಲಿನ ಮುಂದೆ ಮೊಣಕಾಲೂರಿ ಸಣ್ಣ ಗುದ್ದಲಿ ಹಾಕಿದಳು. ಮಾರ್ಚ್ ತಿಂಗಳ ನೆಲ, ಮೇಲೆ ಕೆಸರು, ಒಳಗೆ ಇನ್ನೂ ಹೆಪ್ಪುಗಟ್ಟಿ ಕಲ್ಲಿನಂತಿತ್ತು.

"ಇಲ್ಲಾದ್ರೆ ಯಾವ ಕಮಿಟಿನೂ ಕೇಳೋ ಹಾಗಿಲ್ಲ," ಅಂದಳು ಏದುಸಿರು ಬಿಡುತ್ತಾ. "ನಾನು ಮಲಗೋ ಜಾಗ ಇದು. ಏನು ನೋಡ್ತೀಯಾ? ಹೇಳು ನಿನ್ನ ಮಂತ್ರ. ಮೀನು ತಣ್ಣಗಾಗ್ತಿದೆ."

ಜಪ ಹೇಳುವುದು ಯುಫ್ರಾಸಿಯಾಳ ಕೆಲಸ. ಹೇಳಿದಳು. ಎಂಟು ಸಂಜೆ ನಿಧಾನಕ್ಕೆ ಹೇಳಿದ್ದನ್ನು ಹಲ್ಲು ಕಚ್ಚಿಕೊಂಡು ಬೇಗ ಬೇಗ ಮುಗಿಸಿದಳು. ಸುಣ್ಣ ಗುಂಡಿಗೆ ಸುರಿಯುವಾಗ ಫಿದೆಲೀನಾ ಅತ್ತಳು, ಒಂಬತ್ತು ದಿನದಲ್ಲಿ ಮೊದಲ ಸಲ ಬಾಯಿಬಿಟ್ಟು. ಆತುಕೊಂಡದ್ದು ವಿಲ್ಮಾಳ ಭುಜಕ್ಕೆ. ವಿಲ್ಮಾ ಅಪ್ಪಿಕೊಳ್ಳಲಿಲ್ಲ, ತಳ್ಳಲೂ ಇಲ್ಲ. ಮಣ್ಣಿನ ಕೈ ಎರಡನ್ನೂ ದೂರ ಹಿಡಿದು ಕೂತಿದ್ದಳು.

ಮಣ್ಣು ಮುಚ್ಚಿದ ಮೇಲೆ ವಿಲ್ಮಾ ಎದ್ದು ಹೊರಟಳು. ಫಿದೆಲೀನಾ ಅಂಗಿಯ ತೋಳು ಮೇಲಕ್ಕೆ ಮಡಚಿಕೊಂಡಳು.

"ನಾನೂ ಹೋಗ್ತೀನಿ ಅಮ್ಮಾ. ಕೊಮಾದ್ರೆ ಒಬ್ಬಳೇ ಇದಾಳೆ, ಅಷ್ಟು ಜನಕ್ಕೆ ಮೀನು ಕರೀಬೇಕು."

"ಅವಳು ನಿನ್ನ ಗಂಡನ್ನ ಗಲೀಜು ಅಂದೋಳು!"

"ಅಂದ್ಲು. ಎತ್ತಿದ್ದೂ ಅವಳೇ ಅಲ್ವಾ? ನೀವೇ ಹೇಳಿದ್ರಿ."

ಮೆಟ್ಟಿಲ ಬಳಿಯಿಂದ ವಿಲ್ಮಾ ತಿರುಗಿ ಕೂಗಿದಳು. "ಏಯ್, ಜಪದವಳೇ! ಇನ್ನೊಂದು ಸಲ ನನ್ನ ನೆಲದ ಮೇಲೆ ಸುಣ್ಣ ಸುರಿದ್ರೆ ನೋಡು!"

"ನಿನ್ನ ನೆಲ ನಿಂಗೇ ಇರ್ಲಿ!"

ವಿಲ್ಮಾ, ಫಿದೆಲೀನಾ ಇಬ್ಬರೂ ಒಳಗೆ ಹೋದರು. ಬಾಗಿಲು ಮುಚ್ಚಿತು. ಉಳಿದ ಹೆಂಗಸರು ತಮಾಲೆ ಬಿಸಿ ಮಾಡಲು ಹೋಗಿದ್ದರು. ಯುಫ್ರಾಸಿಯಾ ಹೂವಿನ ಕಟ್ಟನ್ನು ಎಲ್ಲಿಡುವುದು ಅಂತ ನೋಡಿದಾಗ, ಗುಂಡಿಯ ಪಕ್ಕ ಹುಲ್ಲಿನ ಮೇಲೆ ಒಂದು ಚಿಟಿಕೆ ಸುಣ್ಣ ಚೆಲ್ಲಿದ್ದು ಕಾಣಿಸಿತು.

ಚೀಲ ಬಿಚ್ಚಿದಳು. ಮೊಣಕಾಲೂರಿ, ಹೊಸ ಬ್ರಷ್ಷಿನಿಂದ ಹೊಸ ತಟ್ಟೆಗೆ ಆ ಚಿಟಿಕೆಯನ್ನು ಗುಡಿಸಿದಳು. ಹಸಿ ಮಣ್ಣಿನಲ್ಲಿ ಬೆರಳಿಂದ ಕುಳಿ ಮಾಡಿ, ಒಳಗೆ ಒತ್ತಿ ಮುಚ್ಚಿದಳು.

ಯಾರೂ ನೋಡಲಿಲ್ಲ. ಯಾರ ಕಣ್ಣಿಗೂ ಬೀಳದೆ ಎತ್ತಿದವಳನ್ನು ಯಾರೂ ಕೊಮಾದ್ರೆ ಅನ್ನುವುದಿಲ್ಲ. ಅದು ಅವಳಿಗೆ ಬೇರೆಯವರು ಹೇಳಿಕೊಡಬೇಕಾಗಿರಲಿಲ್ಲ.